ಶಿವರಾತ್ರಿ ಮುಗಿದರೂ ಚಳಿ ಹೋಗಿಲ್ಲ, ಚಾಲಿ ಒಣಗುತ್ತಿಲ್ಲ. ಎಂತ ಮಾಡೋದು?

ತೋಟದಮನೆ ಸೊಸೆ (ಶಿರಸಿ ಹತ್ತಿರ)

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರೆ. ಹಬ್ಬ ಮುಗಿದು ಐದು ದಿನ ಆಯಿತು. ನಮ್ಮಲ್ಲಿ ಚಳಿ ಓಡಿಲ್ಲ, ನಾನೊಬ್ಬಳೇ ಬೆಳಗ್ಗೆ ಆರಕ್ಕೆ ಎದ್ದು ಅಂಗಳಕ್ಕೂ ಬಚ್ಚಲಿಗೂ ಓಡುತ್ತಿದ್ದೇನೆ.

ವಿಷಯ ಇಷ್ಟು. ಅಂಗಳದಲ್ಲಿ ಚಾಲಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ) ಹರವಿ ತಿಂಗಳಾಗುತ್ತಾ ಬಂತು. ಬೇರೆ ವರ್ಷ ಈ ಹೊತ್ತಿಗೆ ಒಂದು ಕಾಯಿ ಹಿಡಿದು ಅಲ್ಲಾಡಿಸಿದರೆ ಸಿಪ್ಪೆಯೊಳಗೆ ಅಡಿಕೆ ಗಡಗಡ ಅನ್ನುತ್ತಿತ್ತು. ಈ ಸಲ ಕಿವಿಗೆ ಹಿಡಿದರೂ ಸದ್ದಿಲ್ಲ. ಇಬ್ಬನಿ ಬೀಳುತ್ತದೆ ಅಂತ ದಿನಾ ಸಂಜೆ ತಾಡಪತ್ರಿ ಹೊದೆಸುತ್ತೇವೆ. ಬೆಳಗ್ಗೆ ತೆಗೆದರೆ ಮೇಲೂ ನೀರು, ಒಳಗೂ ನೀರು! ಮೇಲಿನದು ಸರಿ, ಒಳಗೆ ಹೇಗೆ ಬಂತು? ಇವರು "ತೂತಿದೆ, ಅಂಗಡಿಗೆ ವಾಪಸ್ ಕೊಡುವಾ" ಅನ್ನುತ್ತಾರೆ. ನಾನು ಬಿಸಿಲಿಗೆ ಹಿಡಿದು ಮೂರು ಸಲ ನೋಡಿದೆ, ಒಂದು ತೂತೂ ಇಲ್ಲ. ಅತ್ತೆ "ನಮ್ಮ ಕಾಲದಲ್ಲಿ ಪ್ಲಾಸ್ಟಿಕ್ ಇತ್ತಾ, ಕರಡ (ಒಣ ಹುಲ್ಲು) ಹೊದೆಸುತ್ತಿದ್ದೆವು" ಅಂತ ಶುರು ಮಾಡಿದ್ದಾರೆ.

ಇದರ ಜೊತೆಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಕಲ್ಲಾಗಿದೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗ್ಗೆಯೂ ಹಾಲೇ. ದೋಸೆ ಹಿಟ್ಟು ಹೇಗೆ ಇಟ್ಟೆನೋ ಹಾಗೇ ಇರುತ್ತದೆ. ನಮ್ಮ ಬಿಳಿ ಬೆಕ್ಕು ಬಚ್ಚಲೊಲೆಯ ಬೂದಿಯೊಳಗೆ ಮಲಗಿ ಮಲಗಿ ಬೂದು ಬೆಕ್ಕಾಗಿದೆ. ಮುಂದಿನ ವಾರ ಮಾರಿಕಾಂಬಾ ಜಾತ್ರೆಗೆ ನೆಂಟರು ಬರುತ್ತಾರೆ. ಅಷ್ಟರೊಳಗೆ ಅಂಗಳ ಖಾಲಿ ಆಗಬೇಕಿತ್ತು. ಗೊತ್ತಿದ್ದವರು ಹೇಳಿ.

ಕಾಳಿ ದಂಡೆಯವ (ಕಾರವಾರ)

ಚಳಿಯಾ? ಇಲ್ಲಿ ಬೆಳಗ್ಗೆ ಸ್ವೆಟರ್ ಹಾಕಿ ಹೊರಟವರು ಹನ್ನೊಂದು ಗಂಟೆಗೆ ಅದನ್ನೇ ತಲೆ ಮೇಲೆ ಹಾಕಿಕೊಂಡು ಬಿಸಿಲು ತಪ್ಪಿಸಿಕೊಳ್ಳುತ್ತಿದ್ದಾರೆ. ಸ್ವಲ್ಪ ಚಳಿ ಪಾರ್ಸಲ್ ಮಾಡಿ ಅಕ್ಕಾ.

ಅಡಿಕೆ ಲೆಕ್ಕ (ಸಿದ್ದಾಪುರ)

ತೂತು ಹುಡುಕಬೇಡಿ ತಂಗಿ. ಒಳಗಿನ ನೀರು ಇಬ್ಬನಿಯದ್ದಲ್ಲ, ಅಡಿಕೆಯದ್ದೇ. ಹಗಲಿಡೀ ಬಿಸಿಲಿಗೆ ಕಾದ ಹಸಿ ಕಾಯಿ ರಾತ್ರಿಯೂ ಆವಿ ಬಿಡುತ್ತಿರುತ್ತದೆ. ಮೇಲಿನ ತಾಡಪತ್ರಿ ತಣ್ಣಗಾಗಿರುತ್ತದೆ. ಆವಿ ಅದಕ್ಕೆ ತಾಗಿ ನೀರಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಹನಿ ಬೀಳುತ್ತದಲ್ಲ, ಅದೇ ಲೆಕ್ಕ.

ನಾವು ಮಾಡುವುದು ಹೀಗೆ. ಬಿಸಿಲು ಪೂರ್ತಿ ಇಳಿಯುವ ಮುಂಚೆ, ಸುಮಾರು ನಾಲ್ಕೂವರೆಗೆ, ಹರವಿದ್ದನ್ನು ಉದ್ದ ರಾಶಿಯಾಗಿ ಏರಿ ಮಾಡುತ್ತೇವೆ. ಏರಿಯ ಎರಡೂ ತುದಿಗೆ ಗೂಟ ನೆಟ್ಟು ನಡುವೆ ಅಡಿಕೆ ದಬ್ಬೆ (ಮರ ಸೀಳಿದ ಪಟ್ಟಿ) ಕಟ್ಟಿ, ಅದರ ಮೇಲೆ ತಾಡಪತ್ರಿ ಗುಡಾರದ ಹಾಗೆ ಇಳಿಬಿಡುತ್ತೇವೆ. ಅಡಿಕೆಗೂ ಪ್ಲಾಸ್ಟಿಕ್ಕಿಗೂ ನಡುವೆ ಒಂದು ಗೇಣಾದರೂ ಜಾಗ ಇರಬೇಕು, ತುದಿ ತೆರೆದಿರಬೇಕು. ಒಳಗೆ ನೀರಾದರೂ ಇಳಿಜಾರಿನಲ್ಲಿ ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು, ಬೆಳಗ್ಗೆ ಎದ್ದವರೇ ತೆಗೆಯಬೇಡಿ. ಇಬ್ಬನಿ ಆರಲಿ, ಒಂಬತ್ತೂವರೆ ಆಗಲಿ. ತೆಗೆಯುವಾಗ ಇಬ್ಬರು ಬೇಕು. ಒಬ್ಬರೇ ಒಂದು ಮೂಲೆ ಹಿಡಿದು ಎಳೆದರೆ ಮೇಲಿನ ನೀರೆಲ್ಲ ಅಡಿಕೆ ಮೇಲೇ.

ತೋಟದಮನೆ ಸೊಸೆ

ಇವರು ಒಬ್ಬರೇ ಮೂಲೆ ಹಿಡಿದು ಎಳೆಯುವುದು. ಈಗಲೇ ಓದಿಸಿದೆ. "ಹೌದಾ" ಅಂದರು.

ರಾಶಿ ಮಾಡುವವ (ಯಲ್ಲಾಪುರ)

ಅಡಿಕೆ ಲೆಕ್ಕದವರು ಹೇಳಿದ್ದು ಸರಿ, ಆದರೆ ಏರಿ ಮಾಡುವ ವಿಚಾರದಲ್ಲಿ ನನ್ನದು ತಕರಾರು. ಅರ್ಧ ಒಣಗಿದ ಮೇಲೆ ಸರಿ. ಹಸಿ ಇರುವಾಗ ರಾಶಿ ಹಾಕಿದರೆ ಒಳಗೆ ಬಿಸಿಯಾಗಿ ಬೂಷ್ಟು ಬರುತ್ತದೆ. ನಂತರ ಸುಲಿದಾಗ ಅಡಿಕೆ ಮೇಲೆ ಕಪ್ಪು ಮಚ್ಚೆ. ವ್ಯಾಪಾರಿ ಅದನ್ನು ನೋಡಿದ ಕೂಡಲೇ ಮುಖ ಆ ಕಡೆ ತಿರುಗಿಸುತ್ತಾನೆ.

ಅಷ್ಟಕ್ಕೂ ಚಾಲಿ ಯಾಕೆ? ಹಸಿರಿದ್ದಾಗಲೇ ಕೊಯ್ದು, ಸುಲಿದು, ಚೊಗರಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ನೀರು) ಬೇಯಿಸಿ ಕೆಂಪು ಮಾಡಿದ್ದರೆ ಒಂದು ವಾರದಲ್ಲಿ ಒಣಗಿ ಅಟ್ಟ ಸೇರುತ್ತಿತ್ತು. ನೀವು ನಲವತ್ತು ನಲವತ್ತೈದು ದಿನ ಆಕಾಶ ನೋಡಿಕೊಂಡು ಕೂರುತ್ತೀರಿ.

ಅಡಿಕೆ ಲೆಕ್ಕ

ಬೇಯಿಸುವುದಕ್ಕೆ ಸುಲಿಯುವವರು ಬೇಕಲ್ಲ ಮಾರಾಯ್ರೇ. ಹಸಿ ಅಡಿಕೆ ಆವತ್ತಾವತ್ತೇ ಸುಲಿಯಬೇಕು. ಆ ಹದಿನೈದು ದಿನ ಊರಲ್ಲಿ ಜನ ಸಿಗುತ್ತಾರಾ? ಚಾಲಿಯಾದರೆ ಒಣಗಿಸಿ ಇಟ್ಟು ಮಳೆಗಾಲದಲ್ಲಿ ಕೂತು ಸುಲಿಯಬಹುದು. ಒಂದು ತಿಂಗಳು ಅಂಗಳ ಹೋಗುತ್ತದೆ, ಅಷ್ಟೆ. ಒಂದು ತಿಂಗಳಿಗೆ ಅಲ್ಲಾಡುವ ಸದ್ದು ಬರದೇ ಇರುವುದು ದೊಡ್ಡ ವಿಷಯವೂ ಅಲ್ಲ. ಇನ್ನೂ ಹದಿನೈದು ದಿನ ಇದೆ.

ರಾಶಿ ಮಾಡುವವ

ಜನ ಸಿಗುವುದಿಲ್ಲ ಅನ್ನುವುದು ಮಾತ್ರ ಒಪ್ಪಿದೆ.

ಪಂಚಾಂಗದ ಪುಟ (ಕುಮಟಾ)

ಗಾದೆ ಮಾತನ್ನು ಬೈಯುವ ಮುಂಚೆ ತಾರೀಕು ನೋಡಿ. 2024ರಲ್ಲಿ ಶಿವರಾತ್ರಿ ಮಾರ್ಚ್ 8ಕ್ಕೆ. 2025ರಲ್ಲಿ ಫೆಬ್ರವರಿ 26ಕ್ಕೆ. ಈ ಸಲ, 2026ರಲ್ಲಿ, ಫೆಬ್ರವರಿ 15ಕ್ಕೇ ಬಂದುಬಿಟ್ಟಿತು. ಚಳಿ ಸೂರ್ಯನ ಲೆಕ್ಕದಲ್ಲಿ ಹೋಗುತ್ತದೆ, ಹಬ್ಬ ಚಂದ್ರನ ಲೆಕ್ಕದಲ್ಲಿ ಬರುತ್ತದೆ. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿದು ಸರಿದು, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹಾರುತ್ತದೆ. ಈ ವರ್ಷ ಅಧಿಕ ಮಾಸ ಇದೆ, ಹಾಗಾಗಿ ಮುಂದಿನ ವರ್ಷ ಮಾರ್ಚಿಗೆ ಬರುತ್ತದೆ. ಆಗ ಎಲ್ಲರೂ "ನೋಡಿ, ಗಾದೆ ಸುಳ್ಳಲ್ಲ" ಅಂತೀರಿ.

ಕಾಳಿ ದಂಡೆಯವ

ಗಾದೆಗೂ ಬೇಲ್ ಸಿಕ್ಕಿತು.

ಬೆಂಗಳೂರಿನ ಬಾಡಿಗೆ ಮನೆ

ಓದುತ್ತಾ ಕಣ್ಣು ತುಂಬಿ ಬಂತು. ಮಂಜು, ಬಚ್ಚಲೊಲೆ, ಆಲೆಮನೆ, ಕಬ್ಬಿನ ಹಾಲು... ಎಷ್ಟು ಪುಣ್ಯವಂತರು ನೀವು. ಇಲ್ಲಿ ನಾವು ಗೀಸರ್ ಸ್ವಿಚ್ ಒತ್ತಿ ಬದುಕುತ್ತಿದ್ದೇವೆ.

ತೋಟದಮನೆ ಸೊಸೆ

ನಿಮ್ಮ ಸ್ವಿಚ್ ನನಗೆ ಕೊಡಿ. ನನ್ನ ಬಚ್ಚಲೊಲೆ ನಿಮಗೆ. ಊದುವ ಕೊಳವೆಯೂ ಫ್ರೀ.

ಸೋಲಾರ್ ಸಾಕಪ್ಪ (ಶಿರಸಿ)

ಬಚ್ಚಲೊಲೆ ಬಿಡಬೇಡಿ ಅಕ್ಕಾ. ನಾವು ಎರಡು ವರ್ಷದ ಹಿಂದೆ ಸೋಲಾರ್ ಹಾಕಿಸಿದೆವು. ಹಾಕಿದವರು "ವರ್ಷದ ಹನ್ನೆರಡು ತಿಂಗಳೂ ಕುದಿಯುವ ನೀರು" ಅಂದಿದ್ದರು. ಮನೆ ಸುತ್ತ ತೋಟ, ಪೂರ್ವಕ್ಕೆ ಬೆಟ್ಟ, ಹತ್ತರವರೆಗೆ ಮಂಜು. ಪ್ಯಾನಲ್ಲಿಗೆ ಬಿಸಿಲು ತಾಗುವುದೇ ಹತ್ತೂವರೆಗೆ, ಮೂರಕ್ಕೆ ಹಲಸಿನ ಮರದ ನೆರಳು. ಕುದಿಯುವ ನೀರು ಬರುವುದು ಏಪ್ರಿಲ್ ಮೇನಲ್ಲಿ. ಆಗ ಯಾರಿಗೆ ಬೇಕು ಬಿಸಿನೀರು? ಈಗ ಮತ್ತೆ ಹಂಡೆಗೆ ಅಡಿಕೆ ಸಿಪ್ಪೆ ಹಾಕಿ ಉರಿ ಮಾಡುತ್ತಿದ್ದೇವೆ. ಸೋಲಾರ್ ಟ್ಯಾಂಕ್ ಮೇಲೆ ಪಾರಿವಾಳ ಸಂಸಾರ ಹೂಡಿದೆ.

ಗುಡ್ಡದ ಮೇಲಿನ ಮೇಷ್ಟ್ರು

ನಿಮ್ಮ ಮನೆ ತೋಟದ ಪಕ್ಕ ತಗ್ಗಿನಲ್ಲಿದೆ ಅಲ್ವಾ? ಅದೇ ಕಾರಣ. ಮೋಡ ಇಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹೋಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ. ನಮ್ಮ ಅಡಿಕೆ ತೋಟಗಳೆಲ್ಲ ಕಣಿವೆಯಲ್ಲೇ ಇರುವುದು. ಹಾಗಾಗಿ ತೋಟಕ್ಕೆ ಜಾಸ್ತಿ ಚಳಿ, ಗುಡ್ಡಕ್ಕೆ ಕಮ್ಮಿ.

ನನ್ನ ಮನೆ ಗುಡ್ಡದ ಮೇಲೆ, ತೋಟ ಕೆಳಗೆ. ಮೊನ್ನೆ ಒಂದೇ ಥರ್ಮಾಮೀಟರ್ ಹಿಡಿದುಕೊಂಡು ಬೆಳಗ್ಗೆ ಆರಕ್ಕೆ ಇಳಿದೆ. ಜಗಲಿಯಲ್ಲಿ 17, ತೋಟದ ಹೊಂಡದ ಹತ್ತಿರ 13. ನಡುವೆ ಇರುವುದು ಎಂಬತ್ತು ಮೆಟ್ಟಿಲು. ತೋಟದೊಳಗೆ ಮಳೆ ಬಂದ ಹಾಗೆ ಟಪ್ ಟಪ್ ಸದ್ದು. ತಲೆ ಎತ್ತಿದರೆ ಆಕಾಶ ಬರಿದು. ಸೋಗೆಯ ತುದಿಯಿಂದ ಇಬ್ಬನಿ ಜಾರಿ ಕೆಳಗೆ ಬಿದ್ದ ಒಣ ಅಡಿಕೆ ಹಾಳೆ ಮೇಲೆ ಬೀಳುತ್ತಿತ್ತು.

ಕಾಳಿ ದಂಡೆಯವ

ಮೇಷ್ಟ್ರೇ, ಹಾಗಾದರೆ ಕಾರವಾರ ಇನ್ನೂ ಕೆಳಗಿದೆ. ನಿಮ್ಮ ಚಳಿಯೆಲ್ಲ ಜಾರಿ ನಮ್ಮಲ್ಲಿಗೆ ಬರಬೇಕಿತ್ತು.

ಗುಡ್ಡದ ಮೇಲಿನ ಮೇಷ್ಟ್ರು

ಪ್ರಶ್ನೆ ಒಳ್ಳೆಯದು. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಗಾಳಿ ಘಟ್ಟ ಇಳಿದರೆ ಇಳಿದಷ್ಟೂ ಬಿಸಿಯಾಗುತ್ತದೆ. ಮೇಲಾಗಿ ನಿಮ್ಮ ಪಕ್ಕದಲ್ಲಿ ಸಮುದ್ರ ಇದೆ. ನೀರು ನೆಲದಷ್ಟು ಬೇಗ ತಣಿಯುವುದಿಲ್ಲ. ಅದೇ ನಿಮ್ಮ ಕಂಬಳಿ.

ಕಾಳಿ ದಂಡೆಯವ

ಸರಿ. ಆದರೆ ಬೆಳಗ್ಗೆ ಕಾಳಿ ಹೊಳೆ ಮೇಲೆ ಹೊಗೆ ಏಳುತ್ತಿದೆ, ಇಡೀ ಹೊಳೆಯೇ ಒಂದು ಹಂಡೆ ಆದ ಹಾಗೆ. ಅದನ್ನು ನೋಡುವುದಕ್ಕೆ ಮಾತ್ರ ನಾನೂ ಬೇಗ ಏಳುತ್ತೇನೆ. ದೋಣಿಯವರು ಅದರೊಳಗಿಂದ ಮೊದಲು ಮಾತಾಡುತ್ತಾರೆ, ಆಮೇಲೆ ಕಾಣಿಸುತ್ತಾರೆ.

ದೊಡ್ಡಮನೆ ಆಯಿ (ಸಿದ್ದಾಪುರ)

ಎಲ್ಲರೂ ಅಡಿಕೆ ಅಂದಿರಿ, ಆ ಹುಡುಗಿಯ ಮೊಸರಿನ ಬಗ್ಗೆ ಒಬ್ಬರೂ ಹೇಳಲಿಲ್ಲ.

ಮಗಾ, ಹಾಲು ಕಾಸಿ ಆರಿಸುವಾಗ ಪೂರ್ತಿ ತಣಿಯಲು ಬಿಡಬೇಡ. ಕಿರುಬೆರಳು ಅದ್ದಿದರೆ ಹಿತವಾದ ಬಿಸಿ ಇರಬೇಕು. ಬೇಸಿಗೆಯಲ್ಲಿ ಒಂದು ಹನಿ ಮಜ್ಜಿಗೆ ಸಾಕು, ಈಗ ಒಂದು ಚಮಚ ಗಟ್ಟಿ ಮೊಸರು ಹಾಕು. ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹೂತಿಡು, ಇಲ್ಲಾ ಹಳೇ ಕಂಬಳಿ ಸುತ್ತಿ ಒಲೆಕಟ್ಟೆ ಮೇಲೆ ಇಡು. ಮಧ್ಯೆ ಎದ್ದು ಎದ್ದು ನೋಡಬೇಡ. ಒಂದು ಹಸಿಮೆಣಸು ತೊಟ್ಟು ಸಮೇತ ಹಾಕುವವರೂ ಇದ್ದಾರೆ, ನಾನು ಹಾಕುವುದಿಲ್ಲ.

ದೋಸೆ ಹಿಟ್ಟು ಉಬ್ಬದಿದ್ದರೆ ಯಾಕೆ ಕಾಯುತ್ತೀ? ತೆಳ್ಳೇವು ಎರಿ. ಅದಕ್ಕೆ ಹುಳಿ ಬರುವುದೇ ಬೇಡ. ಅಕ್ಕಿ ನುಣ್ಣಗೆ ಬೀಸಿ, ಮಜ್ಜಿಗೆಗಿಂತ ಸ್ವಲ್ಪ ದಪ್ಪ ನೀರು ಮಾಡಿ, ಕಾದ ಕಾವಲಿ ಮೇಲೆ ಎರಚಿದರೆ ಆಯಿತು. ಈಗ ಆಲೆಮನೆ ಬೇರೆ ನಡೆಯುತ್ತಿದೆ. ಹೊಸ ಜೋನಿ (ನೀರು) ಬೆಲ್ಲ, ಮೇಲೆ ತುಪ್ಪ. ನೆಂಟರು ದೋಸೆ ಕೇಳಿದರೆ ನನ್ನನ್ನು ಕೇಳು.

ತೋಟದಮನೆ ಸೊಸೆ

ಆಯೀ, ಅಕ್ಕಿ ಡಬ್ಬ! ಇವತ್ತೇ ಮಾಡುತ್ತೇನೆ.

ಅಡುಗೆಮನೆ ವಿಜ್ಞಾನಿ

ಆಯಿ ಹೇಳಿದ ಕಿರುಬೆರಳಿನ ಬಿಸಿ ಸುಮಾರು 40 ಡಿಗ್ರಿ ಆಗುತ್ತದೆ. ಮೊಸರಿನ ಸೂಕ್ಷ್ಮಜೀವಿಗಳಿಗೆ ಬೇಕಾದ್ದೂ ಅಷ್ಟೇ. ಇನ್ನು ಕೊಬ್ಬರಿ ಎಣ್ಣೆ ಕರಗುವುದು 24 ಡಿಗ್ರಿ ಆಸುಪಾಸಿನಲ್ಲಿ. ಎಣ್ಣೆ ಕಲ್ಲಾಗಿದೆ ಅಂದರೆ ನಿಮ್ಮ ಅಡುಗೆಮನೆ ಅದಕ್ಕಿಂತ ತಣ್ಣಗಿದೆ ಅಂತ ಅರ್ಥ. ಬಾಟಲಿಯೇ ಥರ್ಮಾಮೀಟರ್.

ಗಾಣದ ಗಿರಾಕಿ (ಹೊನ್ನಾವರ)

ಎಣ್ಣೆ ಗಟ್ಟಿಯಾದರೆ ಶುದ್ಧ, ಆಗದಿದ್ದರೆ ಕಲಬೆರಕೆ. ಅಷ್ಟೇ ಲೆಕ್ಕ.

ಅಡುಗೆಮನೆ ವಿಜ್ಞಾನಿ

ಅರ್ಧ ಸರಿ. ತಾಳೆ ಎಣ್ಣೆಯೂ ಚಳಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾಯಿತು ಅಂತ ಶುದ್ಧ ಅನ್ನುವ ಹಾಗಿಲ್ಲ.

ಗಾಣದ ಗಿರಾಕಿ

ನಮ್ಮ ಗಾಣದವರ ಮುಂದೆ ಹೇಳಿ ನೋಡಿ ಇದನ್ನು.

ಮಾವಿನ ಮರದ ಕೆಳಗೆ (ಅಂಕೋಲಾ)

ಎಲ್ಲರಿಗೂ ಅವರವರ ಚಿಂತೆ. ನನ್ನದು ಮಾವು. ನಮ್ಮಲ್ಲಿ ಕರಿ ಇಶಾಡ ಹೂ ಬಿಟ್ಟಿದ್ದು ನೋಡಿ ಈ ಸಲ ಮರವೇ ಬಾಗುತ್ತದೆ ಅಂದುಕೊಂಡೆ. ಈಗ ಗೊಂಚಲು ಮುಟ್ಟಿದರೆ ಬಿಳಿ ಪುಡಿ, ಕೈಗೆ ಅಂಟು. ಎಲೆ ಮೇಲೆ ಮಸಿ ಬಳಿದ ಹಾಗೆ ಕಪ್ಪು. ಚಳಿ ಬಂದರೆ ಮಾವಿಗೆ ಒಳ್ಳೆಯದು ಅಂತಾರಲ್ಲ?

ತೋಟಗಾರಿಕೆ ಓದಿದವಳು

ಹೂ ಹುಟ್ಟುವುದಕ್ಕೆ ಚಳಿ ಬೇಕು. ಹೂ ಬಂದ ಮೇಲೂ ಚಳಿ ಕೂತರೆ ಕಷ್ಟ. ಮಾವಿನ ಒಂದೇ ಗೊಂಚಲಲ್ಲಿ ಗಂಡು ಹೂವೂ ಇರುತ್ತದೆ, ಗಂಡು ಹೆಣ್ಣು ಎರಡೂ ಇರುವ ಹೂವೂ ಇರುತ್ತದೆ. ಕಾಯಿ ಕಚ್ಚುವುದು ಎರಡನೆಯದರಲ್ಲಿ ಮಾತ್ರ. ಗೊಂಚಲು ಬೆಳೆಯುವಾಗ ಚಳಿ ಜಾಸ್ತಿಯಾದರೆ ಗಂಡು ಹೂವೇ ಹೆಚ್ಚಾಗುತ್ತದೆ. ನೋಡುವುದಕ್ಕೆ ಮರ ತುಂಬ ಹೂ, ಕಾಯಿ ಲೆಕ್ಕಕ್ಕೆ ಸಿಕ್ಕಷ್ಟು.

ನೀವು ಹೇಳಿದ ಬಿಳಿ ಪುಡಿ ಬೂದಿ ರೋಗ. ರಾತ್ರಿ ತಂಪು, ಬೆಳಗ್ಗೆ ಮಂಜು, ಹಗಲು ಒಣ ಬಿಸಿಲು, ಅದಕ್ಕೆ ಇಷ್ಟೇ ಸಾಕು. ಅಂಟು ಜಿಗಿಹುಳದ್ದು. ಆ ಅಂಟಿನ ಮೇಲೆ ಬೆಳೆಯುವ ಬೂಷ್ಟೇ ನಿಮ್ಮ ಮಸಿ. ಬೂದಿ ರೋಗಕ್ಕೆ ಗಂಧಕ ಹೊಡೆಯುತ್ತಾರೆ, ಆದರೆ ಹೂ ಪೂರ್ತಿ ಅರಳಿರುವಾಗ ಏನೂ ಹೊಡೆಯಬೇಡಿ. ಮಾವಿಗೆ ಪರಾಗಸ್ಪರ್ಶ ಮಾಡುವುದು ನೊಣ, ಜೇನು. ಅವನ್ನು ಕೊಂದರೆ ಇದ್ದ ಕಾಯಿಯೂ ಇಲ್ಲ. ಪ್ರಮಾಣ ಎಷ್ಟು ಅಂತ ಹತ್ತಿರದ ತೋಟಗಾರಿಕೆ ಇಲಾಖೆಯಲ್ಲಿ ಕೇಳಿಯೇ ಹೊಡೆಯಿರಿ.

ಮಾವಿನ ಮರದ ಕೆಳಗೆ

ನೊಣ ಅಂದರೆ ಓಡಿಸುತ್ತಿದ್ದೆ ಇಷ್ಟು ದಿನ. ಇನ್ನು ಮೇಲೆ ಕರೆದು ಕೂರಿಸುತ್ತೇನೆ.

ಬೆಂಗಳೂರಿನ ಬಾಡಿಗೆ ಮನೆ

ಉಪ್ಪಿನಕಾಯಿಗೆ ಅಪ್ಪೆಮಿಡಿ (ಎಳೆ ಮಾವು) ಯಾವಾಗ ಬರುತ್ತದೆ? ಹೋದ ವರ್ಷದ ಭರಣಿ ತಳ ಕಾಣುತ್ತಿದೆ.

ದೊಡ್ಡಮನೆ ಆಯಿ

ಹೊಳೆಬದಿಯ ಮರದಲ್ಲಿ ಈಗ ಕಾಳುಮೆಣಸಿನಷ್ಟು ಆಗಿದೆ. ಗಡಿಬಿಡಿ ಮಾಡಬೇಡ. ಮಿಡಿ ತೊಟ್ಟು ಮುರಿದಾಗ ಸೊನೆ ಚಿಮ್ಮಿ ಘಮ್ ಅನ್ನಬೇಕು, ಆಗ ಕೊಯ್ಯುವುದು. ಮತ್ತೆ ಮರ ಅಲ್ಲಾಡಿಸಿ ಬೀಳಿಸಿದ ಮಿಡಿ ತೆಗೆದುಕೊಳ್ಳಬೇಡ, ಪೆಟ್ಟು ಬಿದ್ದದ್ದು ಭರಣಿಯಲ್ಲಿ ಮೆತ್ತಗಾಗುತ್ತದೆ.

ದರಕಿನ ಹೆಡಿಗೆ (ಸಿದ್ದಾಪುರ)

ಸ್ವಲ್ಪ ಗಂಭೀರ ವಿಷಯ ಹೇಳುತ್ತೇನೆ. ಈಗ ಎಲ್ಲರೂ ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋಗುತ್ತಿದ್ದೀರಿ. ಇದೇ ಮಂಗನ ಕಾಯಿಲೆಯ ಕಾಲ. ಚಳಿ ಇದೆ, ಇನ್ನೂ ಬೇಸಿಗೆ ಬಂದಿಲ್ಲ ಅಂತ ಉದಾಸೀನ ಬೇಡ. ಡಿಸೆಂಬರಿನಿಂದ ಮೇವರೆಗೂ ಅದರ ಕಾಟ. ಅದನ್ನು ಹರಡುವ, ಒಣ ಎಲೆಯಲ್ಲಿರುವ ಮರಿ ಉಣುಗು ಎಳ್ಳಿಗಿಂತ ಸಣ್ಣ, ಕಚ್ಚಿದ್ದೂ ಗೊತ್ತಾಗುವುದಿಲ್ಲ. 1957ರಲ್ಲಿ ಇದು ಮೊದಲು ಗೊತ್ತಾಗಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ನಮಗೆ ದೂರದ ಸುದ್ದಿ ಅಲ್ಲ.

ಉಣುಗು ಹತ್ತದ ಹಾಗೆ ಆರೋಗ್ಯ ಕೇಂದ್ರದಲ್ಲಿ ಡೇಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಜ್ವರ, ಸೊಂಟ ಮೈ ನೋವು ಬಂದರೆ "ಚಳಿಗೆ ಬಂದದ್ದು, ಕಷಾಯ ಕುಡಿದರೆ ಹೋಗುತ್ತದೆ" ಅನ್ನಬೇಡಿ. ನನ್ನ ಚಿಕ್ಕಪ್ಪ ಹಾಗೇ ನಾಲ್ಕು ದಿನ ಕಷಾಯ ಕುಡಿದರು. ಆಮೇಲೆ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ಬದುಕಿದರು, ಪುಣ್ಯ.

ದೊಡ್ಡಮನೆ ಆಯಿ

ಕಷಾಯದ ಮೇಲೆ ನನಗೆ ನಂಬಿಕೆ ಇದೆ, ಆದರೂ ಈ ಮಾತು ಹೌದು. ಡಾಕ್ಟರ್ ಹತ್ತಿರ ಹೋಗಿ ಬಂದು ಕಷಾಯ ಕುಡಿಯಿರಿ.

ಸುರಗಿ ಮಾಲೆ (ಕುಮಟಾ)

ಉಣುಗಿನಿಂದ ಹೂವಿಗೆ ಬರೋಣ. ಸುರಗಿ ಶುರುವಾಗಿದೆ! ನಿನ್ನೆ ಬೆಳಗ್ಗೆ ಬಾಗಿಲು ತೆಗೆದರೆ ಮಂಜಿನಲ್ಲಿ ಮರ ಕಾಣುತ್ತಿಲ್ಲ, ವಾಸನೆ ಮಾತ್ರ ಅಂಗಳ ದಾಟಿ ಬಂದಿದೆ. ಗೆಲ್ಲಿನ ತೊಗಟೆಗೇ ಅಂಟಿಕೊಂಡು ಮುತ್ತಿನ ಹಾಗೆ ಮೊಗ್ಗು. ಅರಳುವ ಮುಂಚೆ ಬಿಡಿಸಬೇಕು. ಅತ್ತಿಗೆ ಮರದ ಬುಡಕ್ಕೆ ಹಳೇ ಸೀರೆ ಹಾಸಿದರು, ಅಣ್ಣ ಹತ್ತಿ ಗೆಲ್ಲು ತಟ್ಟಿದ. ಅರ್ಧ ಮೊಗ್ಗು ಸೀರೆ ಮೇಲೆ, ಅರ್ಧ ಇಬ್ಬನಿ ನೀರು ಅತ್ತಿಗೆ ತಲೆ ಮೇಲೆ.

ಕಾಳಿ ದಂಡೆಯವ

ನಮ್ಮಲ್ಲಿ ಅದು ಸುರಂಗಿ.

ಸುರಗಿ ಮಾಲೆ

ಸುರಗಿ.

ಕಾಳಿ ದಂಡೆಯವ

ಕೊಂಕಣಿಯಲ್ಲಿ ಸುರಂಗ, ಅದಕ್ಕೇ ಸುರಂಗಿ. ಹೋಗಲಿ, ಒಣಗಿದ ಮೇಲೂ ವಾಸನೆ ಹೋಗುವುದಿಲ್ಲ ಅನ್ನುವುದಕ್ಕೆ ಜಗಳ ಇಲ್ಲವಲ್ಲ? ನಮ್ಮ ಆಯಿಯ ಟ್ರಂಕಿನಲ್ಲಿ ಸೀರೆ ನಡುವೆ ಹೋದ ವರ್ಷದ ಮಾಲೆ ಇದೆ.

ಚಳಿ ಅಂದಿದ್ದಕ್ಕೆ ಒಂದು ನೆನಪಾಯಿತು. ದೇವಬಾಗ ಕಡೆ ಮರಳಲ್ಲಿ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆ ಇಟ್ಟಿವೆ, ಅರಣ್ಯ ಇಲಾಖೆಯವರು ಸುತ್ತ ಬಲೆ ಕಟ್ಟಿದ್ದಾರೆ. ಒಂದು ಗೂಡಿಗೆ ನೂರರ ಹತ್ತಿರ ಮೊಟ್ಟೆ, ಮರಿ ಬರುವುದಕ್ಕೆ 45ರಿಂದ 60 ದಿನ. ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುವುದು ಮರಳಿನ ಬಿಸಿ. ತಂಪಿದ್ದರೆ ಗಂಡು ಜಾಸ್ತಿ, ಬಿಸಿ ಇದ್ದರೆ ಹೆಣ್ಣು ಜಾಸ್ತಿ.

ಮಾವಿನ ಮರದ ಕೆಳಗೆ

ಅಂದರೆ ಈ ಚಳಿಗೆ ಮಾವಲ್ಲೂ ಗಂಡು, ಆಮೆಯಲ್ಲೂ ಗಂಡು. ಕೆಲಸಕ್ಕೆ ಬಾರದ ಚಳಿ.

ತೋಟಗಾರಿಕೆ ಓದಿದವಳು

ಈ ಮಾತಿಗೆ ಲೈಕ್ ಕೊಡಬಾರದು ಅಂದುಕೊಂಡೆ. ಕೊಟ್ಟೆ.

ಹಳೇ ಕಂಬಳಿ (ಶಿರಸಿ)

ಇಷ್ಟೆಲ್ಲ ಮಾತಾಡಿ ಚಳಿ ಯಾವಾಗ ಹೋಗುತ್ತದೆ ಅಂತ ಯಾರೂ ಹೇಳಲಿಲ್ಲ. ಪಂಚಾಂಗ, ಥರ್ಮಾಮೀಟರ್, ಎಣ್ಣೆ ಬಾಟಲಿ ಎಲ್ಲ ಬಿಡಿ. ನಮ್ಮ ಮನೆಯಲ್ಲಿ ಒಂದೇ ಲೆಕ್ಕ. ಬೆಕ್ಕು ಬಚ್ಚಲೊಲೆ ಬಿಟ್ಟು ಜಗಲಿಯ ಸಿಮೆಂಟ್ ಮೇಲೆ ಕಾಲು ಚಾಚಿ ಮಲಗಿದ ದಿನ ಚಳಿ ಮುಗಿಯಿತು. ಮೂವತ್ತು ವರ್ಷದಿಂದ ತಪ್ಪಿಲ್ಲ. ಬೆಕ್ಕು ಮಾತ್ರ ನಾಲ್ಕು ಬದಲಾಗಿದೆ.

ಪಂಚಾಂಗದ ಪುಟ

ಇದಕ್ಕೆ ನನ್ನ ಆಕ್ಷೇಪ ಇಲ್ಲ.

ತೋಟದಮನೆ ಸೊಸೆ

ಮೂರು ದಿನದ ವರದಿ ಹಾಕುತ್ತಿದ್ದೇನೆ. ದಬ್ಬೆ ಕಟ್ಟಿ ಗುಡಾರ ಮಾಡಿದೆವು. ಯಲ್ಲಾಪುರದವರ ಮಾತೂ ಕೇಳಿ, ಒಣಗಿದ್ದನ್ನು ಬೇರೆ ಮಾಡಿ ಏರಿ ಹಾಕಿದೆವು, ಹಸಿ ಇದ್ದದ್ದನ್ನು ತೆಳ್ಳಗೆ ಹರವಿಯೇ ಬಿಟ್ಟೆವು. ಈಗ ಒಳಗೆ ನೀರಿಲ್ಲ. ಬೆಳಗ್ಗೆ ಇಬ್ಬರೂ ಸೇರಿ ತೆಗೆಯುತ್ತೇವೆ. ಮೊದಲ ದಿನ ಇವರು ಎಂಟಕ್ಕೇ ಗಡಿಬಿಡಿ ಮಾಡಿ ನೀರನ್ನೆಲ್ಲ ಅತ್ತೆಯ ತುಳಸಿಕಟ್ಟೆ ಕಡೆ ಜಾರಿಸಿದರು. ರಂಗೋಲಿ ಹೋಯಿತು. ಅದರ ಕಥೆ ಬೇಡ ಬಿಡಿ.

ಅಕ್ಕಿ ಡಬ್ಬದ ಮೊಸರು ಚಮಚ ನಿಲ್ಲುವಷ್ಟು ಗಟ್ಟಿ. ನೆಂಟರಿಗೆ ತೆಳ್ಳೇವು ಅಂತ ನಿಶ್ಚಯ ಆಯಿತು. ಅಂಗಳ ಮಾತ್ರ ಖಾಲಿಯಾಗುವುದಿಲ್ಲ, ನೆಂಟರು ಚಾಲಿ ದಾಟಿಕೊಂಡೇ ಒಳಗೆ ಬರಲಿ. ಒಂದು ಕಾಯಿ ಅಲ್ಲಾಡಿಸಿ ನೋಡಿದೆ. ಗಡಗಡ ಅಲ್ಲ, ಕಡ್ ಅಂತ ಒಂದು ಸದ್ದು ಬಂತು.

ಎಣ್ಣೆ ಮಧ್ಯಾಹ್ನ ಅರ್ಧ ಕರಗಿತ್ತು, ಸಂಜೆ ಮತ್ತೆ ಕಲ್ಲು. ಬೆಕ್ಕು ಇನ್ನೂ ಒಲೆಯಲ್ಲೇ ಇದೆ.

ಹಳೇ ಕಂಬಳಿ

ಹಾಗಾದರೆ ಕಂಬಳಿ ಮಡಚಬೇಡಿ.

ಬೆಂಗಳೂರಿನ ಬಾಡಿಗೆ ಮನೆ

ಮಿಡಿ ಬಂದರೆ ಯಾರಾದರೂ ಇಲ್ಲೇ ಹಾಕಿ. ಉಪ್ಪು ತಂದಿಟ್ಟಿದ್ದೇನೆ.